ಕೌದಿಗೆ ಬಟ್ಟೆ ಎಷ್ಟು ಬೇಕು? ಕತ್ತರಿಗಿಂತ ಮೊದಲು ಲೆಕ್ಕ



ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆಯ ನಮ್ಮ ಮನೆಗಳಲ್ಲಿ ಇದು ಕೌದಿ. ನೆರೆಯ ಮರಾಠಿಗರಿಗೆ ಗೋಧಡಿ, ತೆಲುಗರಿಗೆ ಬೊಂತ. ಹೆಸರು ಯಾವುದೇ ಇರಲಿ, ಲೆಕ್ಕ ಒಂದೇ. ನಮ್ಮ ಹಿರಿಯ ಹೆಣ್ಣುಮಕ್ಕಳು ಅದನ್ನು ಗೇಣು, ಮೊಳದಲ್ಲಿ ಮನಸ್ಸಿನಲ್ಲೇ ಹಾಕುತ್ತಿದ್ದರು. ಈಗ ಕೇಳಿ ಕಲಿಯೋಣವೆಂದರೆ ಹೇಳಿಕೊಡುವವರು ಕಡಿಮೆ. ತಾಯಿಯ ಸೀರೆಗೆ ಕತ್ತರಿ ಹಾಕಿದ ಮೇಲೆ ಬಟ್ಟೆ ಸಾಲದೆ ಹೋದರೆ, ಅಂಥದ್ದೇ ಇನ್ನೊಂದು ಯಾವ ಅಂಗಡಿಯಲ್ಲೂ ಸಿಗದು. ಆದ್ದರಿಂದ ಲೆಕ್ಕವನ್ನು ಕಾಗದದ ಮೇಲೆ ಇಳಿಸಿದ್ದೇವೆ.

1. ಅಳತೆ ಮತ್ತು ಚೌಕಗಳು

ದೊಡ್ಡವರೊಬ್ಬರು ಹೊದೆಯುವ ಕೌದಿ 60 ಇಂಚು ಅಗಲ, 90 ಇಂಚು ಉದ್ದ ಇರಲಿ. 18 ಇಂಚಿನ ಮೊಳದಲ್ಲಿ ಉದ್ದ ಸರಿಯಾಗಿ 5 ಮೊಳ. ಕೈಯಿಂದ ಅಳೆಯುವವರು ಕೊನೆಯವರೆಗೂ ಒಬ್ಬರದೇ ಕೈ ಬಳಸಬೇಕು.

ಮೇಲೆ ಎರಡು ಬಣ್ಣದ ಚೌಕಗಳನ್ನು ಚದುರಂಗದ ಮನೆಗಳಂತೆ ಜೋಡಿಸೋಣ. ಹೊಲಿದ ಮೇಲೆ ಒಂದೊಂದು ಚೌಕ 10 ಇಂಚು ಕಾಣಬೇಕು. ಅಡ್ಡಕ್ಕೆ 6, ಉದ್ದಕ್ಕೆ 9, ಒಟ್ಟು 54. ಬಣ್ಣಕ್ಕೆ 27. ನಾಲ್ಕು ಮೂಲೆಗೂ ಒಂದೇ ಬಣ್ಣ ಬರಬೇಕೆಂದರೆ ಎರಡೂ ಕಡೆ ಬೆಸ ಸಂಖ್ಯೆ ಬೇಕು: 7 ಮತ್ತು 9, ಒಟ್ಟು 63. ಆಗ ಒಂದು ಬಣ್ಣ 32, ಇನ್ನೊಂದು 31.

2. ಮೇಲಿನ ಬಟ್ಟೆ

ಪ್ರತಿ ಬದಿಗೆ ಅರ್ಧ ಇಂಚು ಹೊಲಿಗೆಗೆ ಹೋಗುತ್ತದೆ. ಹಾಗಾಗಿ 11 ಇಂಚಿಗೆ ಕತ್ತರಿಸಬೇಕು.

ಹೆಚ್ಚಿನವರು ಎಡವುವುದು ಇಲ್ಲಿಯೇ. 60ನ್ನು 90ರಿಂದ ಗುಣಿಸಿ, 45 ಇಂಚು ಅಗಲದ ಬಟ್ಟೆಗೆ ಭಾಗಿಸಿದರೆ 120 ಇಂಚು, ಅಂದರೆ ಸುಮಾರು 3 ಮೀಟರ್ ಸಾಕೆಂದು ತೋರುತ್ತದೆ. ಸಾಲದು. 45 ಇಂಚಿನ ಅಗಲದಲ್ಲಿ 11 ಇಂಚಿನ ಚೌಕ 4 ಮಾತ್ರ ಕೂರುತ್ತವೆ. 27 ಚೌಕಕ್ಕೆ 7 ಸಾಲು, 7 ಸಾಲಿಗೆ 77 ಇಂಚು. ಬಣ್ಣಕ್ಕೆ 2 ಮೀಟರಿನಂತೆ ಒಟ್ಟು 4 ಮೀಟರ್ ಬೇಕು. ವಿಸ್ತೀರ್ಣವನ್ನಲ್ಲ, ಸಾಲುಗಳನ್ನು ಎಣಿಸಬೇಕು ಎಂಬುದೇ ಈ ಬರಹದ ಸಾರ.

ಹೊಸ ಹತ್ತಿ ಬಟ್ಟೆಯಾದರೆ ಬಣ್ಣಕ್ಕೆ ಕಾಲು ಮೀಟರ್ ಹೆಚ್ಚು ತನ್ನಿ. ಮೊದಲು ಒಗೆದು ಒಣಗಿಸಿ, ಆಮೇಲೆ ಕತ್ತರಿಸಿ. ಹಳೆಯ ಸೀರೆಯಾದರೆ ಬೆಳಕಿಗೆ ಹಿಡಿದು ನೋಡಿ, ಎಳೆ ಸವೆದ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ. ಗಟ್ಟಿ ಭಾಗದಲ್ಲಿ ಕೂರುವ ಚೌಕಗಳನ್ನು ಮಾತ್ರ ಎಣಿಸಿ. ಸವೆದದ್ದು ವ್ಯರ್ಥವಲ್ಲ, ಒಳಪದರಕ್ಕೆ ಆಗುತ್ತದೆ.

3. ಒಳಪದರ ಮತ್ತು ಅಡಿಪದರ

ಹೊಲಿಯುತ್ತಾ ಹೋದಂತೆ ಕೌದಿ ಸ್ವಲ್ಪ ಒಳಕ್ಕೆ ಎಳೆದುಕೊಳ್ಳುತ್ತದೆ. ಆದ್ದರಿಂದ ಈ ಪದರಗಳಿಗೆ ಎಲ್ಲ ಕಡೆ 3 ಇಂಚು ಹೆಚ್ಚು ಬಿಡಿ: 66 ಮತ್ತು 96 ಇಂಚು. 6 ಗಜದ ಸೀರೆ 216 ಇಂಚು. ನಡುವೆ ಕತ್ತರಿಸಿದರೆ 108 ಇಂಚಿನ ಎರಡು ಭಾಗ. ಅವನ್ನು ಅಂಚಿಗೆ ಅಂಚು ಕೂಡಿಸಿದರೆ 89 ಇಂಚು ಅಗಲ, ಒಂದು ಪದರಕ್ಕೆ ಧಾರಾಳ. 9 ಗಜದ ಸೀರೆಯಲ್ಲಿ ಇಂಥ ಮೂರು ಭಾಗ ಸಿಗುತ್ತವೆ. ಎರಡು ಒಳಪದರ, ಒಂದು ಅಡಿಪದರ ಸೇರಿ ಮೂರಕ್ಕೆ 6 ಗಜದ ಸೀರೆ 3, ಇಲ್ಲವೇ 9 ಗಜದ ಸೀರೆ 2.

ಪ್ರತಿ ಪದರದಲ್ಲೂ 23 ಇಂಚು ಅಗಲದ ಪಟ್ಟಿ ಉಳಿಯುತ್ತದೆ. ಸುತ್ತಲಿನ ಅಂಚು 300 ಇಂಚು. ಉಳಿದದ್ದರಲ್ಲಿ 3 ಇಂಚು ಅಗಲ, 108 ಇಂಚು ಉದ್ದದ ಮೂರು ಪಟ್ಟಿ ತೆಗೆದು ಕೂಡಿಸಿದರೆ ಅಂಚುಪಟ್ಟಿ ಆಯಿತು.

4. ದಾರ

ಎಲ್ಲ ಪದರ ಸೇರಿಸಿ 10 ಇಂಚು ಹೊಲಿದು ನೋಡಿ. ದಾರ 12 ಇಂಚು ಹಿಡಿದರೆ ಲೆಕ್ಕ ಹೀಗೆ: ಇಂಚಿಗೊಂದು ಸಾಲಿನಂತೆ 90 ಇಂಚಿನ 60 ಸಾಲು, ಅಂದರೆ 5400 ಇಂಚು ಹೊಲಿಗೆ. ದಾರ 6480 ಇಂಚು, ಸುಮಾರು 165 ಮೀಟರ್. ಅರ್ಧ ಇಂಚಿಗೊಂದು ಸಾಲಾದರೆ 330. ಎರಡೆಳೆ ಹಾಕಿದರೆ ಮತ್ತೆ ಇಮ್ಮಡಿ. ಅಂಚಿನಿಂದ ನಡುವಿಗೆ ಸುತ್ತುತ್ತಾ ಹೊಲಿದರೂ ಹೆಚ್ಚುಕಡಿಮೆ ಇಷ್ಟೇ ಹಿಡಿಯುತ್ತದೆ.

ಕೂಸಿನ ಕೌದಿಯಿಂದ ಆರಂಭಿಸುವವರಿಗೆ 30 ಮತ್ತು 40 ಇಂಚು, 12 ಚೌಕ, ಬಣ್ಣಕ್ಕೆ 6 ಸಾಕು.

ತಮ್ಮ ಮನೆಯ ಹಿರಿಯರು ಬೇರೆ ಅಳತೆ ಹೇಳಿದರೆ, ಅವರು ಹೇಳಿದಂತೆಯೇ ಬರೆದು ಕಳಿಸಿರಿ. ಮುಂದಿನ ಸಂಚಿಕೆಯಲ್ಲಿ ಸೇರಿಸುತ್ತೇವೆ. ಸೀರೆಗಳನ್ನು ಪೆಟ್ಟಿಗೆಯಲ್ಲಿ ಜೋಪಾನ ಮಾಡಬಹುದು. ಈ ಲೆಕ್ಕವನ್ನು ಬರೆದಿಟ್ಟರಷ್ಟೇ ಉಳಿಯುತ್ತದೆ.

– ಕಾರ್ಯದರ್ಶಿ