ಲಂಡನ್ನಿನಲ್ಲಿ ನಕಲಿಗೆ ದುಡ್ಡು, ಅಸಲಿ ಬಿಟ್ಟಿ!

ಮೇಣದ ಹೀರೋ ಪಕ್ಕ ನಿಂತು ಫೋಟೋ ಹೊಡೆಸಿಕೊಳ್ಳೋಕೆ ನಾಲ್ಕು ಸಾವಿರ ರೂಪಾಯಿ ಆಸುಪಾಸು. ಕಂಚಿನ ಹೀರೋ ಪಕ್ಕ ನಿಲ್ಲೋಕೆ ನಯಾಪೈಸೆ ಬೇಡ! ಎರಡೂ ಒಂದೇ ಊರಿನಲ್ಲಿ. ಊರು ಯಾವುದು ಅಂತೀರಾ? ಲಂಡನ್ ಸ್ವಾಮೀ, ಲಂಡನ್!

ಮೆಜೆಸ್ಟಿಕ್‌ನಲ್ಲಿ ಮೊದಲ ದಿನ ಮೊದಲ ಆಟಕ್ಕೆ ಬ್ಲಾಕ್ ಟಿಕೆಟ್ ಕೊಂಡವರಿಗೆ ಈ ಊರಿನ ವ್ಯವಹಾರ ಬೇಗ ಅರ್ಥವಾಗುತ್ತೆ. ಒಂದೇ ವ್ಯತ್ಯಾಸ, ಅಲ್ಲಿ ಬ್ಲಾಕ್ ಬೆಲೆ ಹೇಳೋನು ಗೋಡೆ ಮರೆಯಲ್ಲಿ ನಿಂತಿರೋಲ್ಲ, ಟೈ ಕಟ್ಟಿಕೊಂಡು ಕೌಂಟರಿನಲ್ಲೇ ಕೂತಿರ್ತಾನೆ! ಮುಂಚೆ ಬುಕ್ ಮಾಡಿದವನಿಗೆ ಒಂದು ರೇಟು, ಬಾಗಿಲಿಗೆ ಬಂದವನಿಗೆ ಇನ್ನೊಂದು ರೇಟು. ಒಂದು ಪೌಂಡ್ ಅಂದರೆ ನಮ್ಮ ನೂರು ರೂಪಾಯಿಗೂ ಮೇಲೆ ಅನ್ನೋದನ್ನ ಮರೆಯಬೇಡಿ.

ಹಾಡಿನ ಚಿತ್ರೀಕರಣಕ್ಕೆ ಹೊರಟ ಒಂದು ಕನ್ನಡ ತಂಡದ ಜೊತೆ ವರದಿಗೆಂದು ನಾನೂ ವಿಮಾನ ಹತ್ತಿದ್ದೆ. ನಾಯಕ-ನಾಯಕಿಯರ ಮಾತು ಈ ಲೇಖನದಲ್ಲಿ ಇಲ್ಲ, ಕ್ಷಮಿಸಿ. ನನ್ನ ಕೋಣೆಯಲ್ಲಿ ಜೊತೆಗಿದ್ದದ್ದು ಚನ್ನಪಟ್ಟಣದ ಕಡೆಯ ಲೈಟ್‌ಮ್ಯಾನ್ ಅಣ್ಣ. ಹೆಸರು ಬೇಡ ಅಂದಿದ್ದಾರೆ. ಕೊಟ್ಟ ಬಾಟಾ ಉಳಿಸಿ ತಂಗಿಯ ನರ್ಸಿಂಗ್ ಓದಿನ ಫೀಸು ಕಟ್ಟಬೇಕು ಅನ್ನೋದು ಅವರ ಲೆಕ್ಕ. ಜೊತೆಗೆ ಲಂಡನ್ನನ್ನೂ ನೋಡಬೇಕು. "ರಿಪೋರ್ಟ್ರೇ, ಜನ್ಮಕ್ಕೊಂದು ಸಲ ಬಂದಿದೀವಿ. ನೋಡ್ದೆ ಹೋದ್ರೆ ಊರಲ್ಲಿ ನಗ್ತಾರೆ, ನೋಡಿ ದುಡ್ಡು ಕಳ್ಕೊಂಡ್ರೆ ಮನೇಲಿ ಅಳ್ತಾರೆ" ಅಂದರು. ಆ ಮಾತಿನಿಂದಲೇ ನಮ್ಮ ತಿರುಗಾಟ ಶುರುವಾದದ್ದು.

ಮೊದಲು ಮೇಣದ ಮನೆ. ಮೇರಿಲೆಬೋನ್ ರಸ್ತೆಯ ಮೇಡಂ ಟುಸ್ಸಾಡ್ಸ್. ನಮ್ಮ ದೇಶದ ಸಿನಿಮಾ ತಾರೆಯರಲ್ಲಿ ಅಲ್ಲಿ ಮೊದಲು ಮೇಣವಾದವರು ಅಮಿತಾಭ್ ಬಚ್ಚನ್, 2000ದಲ್ಲಿ. ಗೊಂಬೆಗಳು ಚೆನ್ನಾಗಿಲ್ಲ ಅಂತ ನಾನು ಹೇಳೋಲ್ಲ. ಆದರೆ ಬಾಗಿಲಲ್ಲೇ 40 ಪೌಂಡಿನ ಆಜುಬಾಜು ಬೆಲೆ ಕೇಳಿ ಅಣ್ಣ ಬೆರಳು ಮಡಿಸುತ್ತಾ ನಿಂತರು. ನಾನು ಅವರನ್ನು ಪಕ್ಕದ ಬೇಕರ್ ಸ್ಟ್ರೀಟ್ ಸ್ಟೇಷನ್ನಿಗೆ ಕರಕೊಂಡು ಹೋದೆ. 1863ರಲ್ಲಿ ನೆಲದೊಳಗೆ ಓಡಿದ ಪ್ರಪಂಚದ ಮೊಟ್ಟಮೊದಲ ರೈಲಿನ ನಿಲ್ದಾಣಗಳಲ್ಲಿ ಇದೂ ಒಂದು. ಐದು, ಆರನೇ ಪ್ಲಾಟ್‌ಫಾರಂನಲ್ಲಿ ಆ ಕಾಲದ ಇಟ್ಟಿಗೆ ಕಮಾನು ಇವತ್ತಿಗೂ ಇದೆ, ಬೆಳಕು ಓರೆಯಾಗಿ ಇಳಿಯುತ್ತೆ. ಲೈಟ್‌ಮ್ಯಾನ್ ಕಣ್ಣಲ್ಲವೇ, ಅಣ್ಣ ಹತ್ತು ನಿಮಿಷ ಅಲುಗಾಡಲಿಲ್ಲ. ಖರ್ಚು? ರೈಲಿನ ಟಿಕೆಟ್ ಅಷ್ಟೇ.

ಅದೇ ಬೀದಿಯಲ್ಲಿ ಷರ್ಲಾಕ್ ಹೋಮ್ಸ್ ಮನೆ ಅಂತ ಒಂದಿದೆ. ಹುಟ್ಟೇ ಇರದ ಮನುಷ್ಯನ ಮನೆಗೆ ಟಿಕೆಟ್! ಟೀವಿಯ 'ಷರ್ಲಾಕ್' ಸರಣಿಯ ಅಭಿಮಾನಿಗಳು ಕೇಳಿ: ಅದರ ಹೊರಬಾಗಿಲನ್ನು ಚಿತ್ರೀಕರಿಸಿದ್ದು ಬೇಕರ್ ಬೀದಿಯಲ್ಲಲ್ಲ, ಯೂಸ್ಟನ್ ಬಳಿಯ ನಾರ್ತ್ ಗೋವರ್ ಬೀದಿಯಲ್ಲಿ. ಪಕ್ಕದಲ್ಲಿ ಹಾಯುವ ಡ್ರಮ್ಮಂಡ್ ಬೀದಿಯಲ್ಲಿ ನಮ್ಮ ದೇಶದ ಸಸ್ಯಾಹಾರಿ ಹೋಟೆಲುಗಳಿವೆ. ಬಾಗಿಲು ನೋಡಿ, ದೋಸೆ ತಿಂದು ಬನ್ನಿ.

ಕಂಚಿನ ಹೀರೋ ಇರೋದು ಲೆಸ್ಟರ್ ಚೌಕದಲ್ಲಿ. ಲಂಡನ್ನಿನ ಗಾಂಧಿನಗರ ಅನ್ನಿ. ದೊಡ್ಡ ಚಿತ್ರಗಳ ಪ್ರೀಮಿಯರ್ ಆಗೋದು ಇಲ್ಲೇ. 1995ರ 'ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ' ಜೋಡಿಯ ಪ್ರತಿಮೆಯನ್ನು ಶಾರೂಖ್ ಮತ್ತು ಕಾಜೋಲ್ ಅವರೇ ಬಂದು 2025ರ ಡಿಸೆಂಬರಿನಲ್ಲಿ ಅನಾವರಣ ಮಾಡಿದರು. ಬೆಂಚಿನ ಮೇಲೆ ಕೂತ ಮಿಸ್ಟರ್ ಬೀನ್ ಇದ್ದಾನೆ, ಹ್ಯಾರಿ ಪಾಟರ್ ಇದ್ದಾನೆ, ಎಲ್ಲರಿಗಿಂತ ಮೊದಲೇ ಬಂದ ಚಾರ್ಲಿ ಚಾಪ್ಲಿನ್ ಇದ್ದಾನೆ. ಕ್ಯೂ ಇಲ್ಲ, ಗೇಟಿಲ್ಲ. ಅಣ್ಣ ಚಾಪ್ಲಿನ್ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಪಕ್ಕದಲ್ಲಿದ್ದ ಗೋರಿ ಹುಡುಗಿಯೊಬ್ಬಳು ಬೆರಗಾಗಿ ನೋಡಿದಳು. ನೋಡಲಿ ಬಿಡಿ!

ಆದರೆ ಈ ಚೌಕದ ಸುತ್ತ ಒಂದು ಗಂಡಾಂತರ ಉಂಟು. ಬಣ್ಣಬಣ್ಣದ ದೀಪ, ಕಿವಿ ಹರಿಯುವ ಹಾಡು ಹಾಕಿಕೊಂಡ ಸೈಕಲ್ ರಿಕ್ಷಾಗಳು. ಹತ್ತುವ ಮುಂಚೆ ನಗು, ಇಳಿದ ಮೇಲೆ ಬಿಲ್ಲು! ನಾಲ್ಕು ಬೀದಿ ದಾಟಿಸಿ ನೂರಾರು ಪೌಂಡ್ ಕೇಳಿದ ಪ್ರಸಂಗಗಳಿವೆ. ಗಲಾಟೆ ಹೆಚ್ಚಾಗಿ, ಇವರನ್ನು ಹತೋಟಿಗೆ ತರೋಕೆ 2024ರಲ್ಲಿ ಅಲ್ಲಿನ ಪಾರ್ಲಿಮೆಂಟು ಕಾನೂನನ್ನೇ ಮಾಡಬೇಕಾಯಿತು. ನಮ್ಮ ಆಟೋದವರು ಒಂದೂವರೆ ಕೇಳಿದರೆ ಬೈತೀವಲ್ಲ, ಅವರು ದೇವರಂಥವರು. ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಮೇಲೆ ಮೂರು ಬಟ್ಟಲು ಮಗುಚಿ ಗೋಲಿ ಎಲ್ಲಿದೆ ಹೇಳಿ ಅನ್ನೋರೂ ಸಿಗ್ತಾರೆ. ಸುತ್ತ ನಿಂತು "ಗೆದ್ದೆ, ಗೆದ್ದೆ" ಅಂತ ಕುಣಿಯೋರು ಅವರದೇ ಕಡೆಯವರು. ನಮ್ಮ ಜಾತ್ರೆಯ ಮೂರೆಲೆ ಆಟ, ಅಷ್ಟೇ.

ಚೌಕದಿಂದ ಐದು ನಿಮಿಷ ನಡೆದರೆ ಟ್ರಫಾಲ್ಗರ್ ಚೌಕ. ಅಮರೀಶ್ ಪುರಿ ಪಾರಿವಾಳಗಳಿಗೆ ಕಾಳು ಹಾಕಿದ ಜಾಗ! 2003ರಿಂದ ಅಲ್ಲಿ ಕಾಳು ಹಾಕುವಂತಿಲ್ಲ, ದಂಡ ಬೀಳುತ್ತೆ. ಎದುರಿಗೇ ನ್ಯಾಷನಲ್ ಗ್ಯಾಲರಿ, ಪ್ರವೇಶ ಉಚಿತ. 'ಸ್ಕೈಫಾಲ್' (2012) ನೋಡಿದವರಿಗೆ ನೆನಪಿರಬೇಕು, ಬಾಂಡ್ ಬೆಂಚಿನ ಮೇಲೆ ಕೂತು ಹಳೆಯ ಯುದ್ಧನೌಕೆಯ ಚಿತ್ರ ನೋಡುತ್ತಿರುವಾಗ ಆ ಹುಡುಗ ಕ್ಯೂ ಬಂದು ಪಕ್ಕದಲ್ಲಿ ಕೂರ್ತಾನೆ. ಆ ಚಿತ್ರ ಟರ್ನರ್ ಬರೆದ 'ಫೈಟಿಂಗ್ ಟೆಮೆರೇರ್', ಇಲ್ಲಿನದೇ. ಪಿಯುಸಿ ಅರ್ಧಕ್ಕೆ ಬಿಟ್ಟ ನನಗೆ ಟರ್ನರ್ ಯಾರು ಅಂತ ಪಾಠ ಹೇಳಿದ್ದು ಜೇಮ್ಸ್ ಬಾಂಡ್!

ಲಂಡನ್ ಐ ಅನ್ನುವ ದೊಡ್ಡ ಚಕ್ರ ನದಿಯ ದಡದಲ್ಲಿದೆ. 2000ದಲ್ಲಿ ಶುರುವಾದದ್ದು, ಎತ್ತರ 135 ಮೀಟರ್, ಒಂದು ಸುತ್ತಿಗೆ ಅರ್ಧ ಗಂಟೆ. ಟಿಕೆಟ್ಟು 30 ಪೌಂಡ್ ಮುಟ್ಟುತ್ತೆ, ಆ ದಿನವೇ ಹೋದರೆ ಇನ್ನೂ ಮೇಲೆ. ಚಕ್ರವೇ ಚಂದ, ನಿಜ. ಆದರೆ ಚಕ್ರದೊಳಗೆ ಕೂತರೆ ಚಕ್ರ ಕಾಣೋಲ್ಲವಲ್ಲ! ಅದಕ್ಕಿಂತ ಎತ್ತರದಿಂದ ಊರು ನೋಡೋಕೆ ದುಡ್ಡಿಲ್ಲದ ದಾರಿ ಎರಡಿವೆ: ವಾಕಿಟಾಕಿ ಆಕಾರದ ಕಟ್ಟಡದ ತುದಿಯಲ್ಲಿರುವ ಸ್ಕೈ ಗಾರ್ಡನ್, ಮತ್ತು 2023ರಲ್ಲಿ ತೆರೆದ ಹೊರೈಜನ್ 22, ಇದು 58ನೇ ಮಹಡಿ. ಎರಡಕ್ಕೂ ಮುಂಚೆಯೇ ಹೆಸರು ಬರೆಸಿ ಸಮಯ ಗೊತ್ತು ಮಾಡಿಕೊಳ್ಳಬೇಕು. ವಿಮಾನ ಹತ್ತುವ ಮುಂಚೆಯೇ ಆ ಕೆಲಸ ಮುಗಿಸಿ.

ಊರು ಸುತ್ತಿಸುವ ಟೂರಿಸ್ಟ್ ಬಸ್ಸಿನ ಕಡೆ ತಿರುಗಿಯೂ ನೋಡಬೇಡಿ. ಜನ ಓಡಾಡುವ ಕೆಂಪು ಡಬ್ಬಲ್ ಡೆಕ್ಕರ್ ಇದೆ. ಅದರ ಟಿಕೆಟ್ 2023ರಲ್ಲಿ 1.75 ಪೌಂಡ್ ಆಯಿತು, ಒಂದು ಗಂಟೆಯೊಳಗೆ ಬೇರೆ ಬಸ್ಸಿಗೆ ಹಾರಿದರೂ ಮತ್ತೆ ಕೊಡಬೇಕಿಲ್ಲ. ನೋಟು ಚಿಲ್ಲರೆ ನಡೆಯೋಲ್ಲ, ಕಾರ್ಡೇ ಆಗಬೇಕು. 15ನೇ ನಂಬರ್ ಹತ್ತಿ ಮೇಲಿನ ಮುಂದಿನ ಸೀಟು ಹಿಡಿಯಿರಿ. ಟ್ರಫಾಲ್ಗರ್‌ನಿಂದ ಸೇಂಟ್ ಪಾಲ್ಸ್ ದಾಟಿ ಟವರ್ ಆಫ್ ಲಂಡನ್ ತನಕ ಬಾಲ್ಕನಿ ಫಸ್ಟ್ ರೋ ಸಿನಿಮಾ!

ಟವರ್ ದುಬಾರಿ, ಆದರೆ ಅದು ಅಸಲಿ. ಕೊಹಿನೂರ್ ಇರೋದು ಅಲ್ಲೇ. ನಮ್ಮ ವಜ್ರ ನೋಡೋಕೆ ನಾವೇ ದುಡ್ಡು ಕೊಡಬೇಕಾ ಅಂತ ಅಣ್ಣ ಒಳಗೆ ಬರಲಿಲ್ಲ, ಅದು ಅವರ ಇಷ್ಟ. ಹಾಗೆಯೇ ಊರಾಚೆ ಲೀವ್ಸ್‌ಡನ್‌ನ ಹ್ಯಾರಿ ಪಾಟರ್ ಸ್ಟುಡಿಯೋಗೂ ದುಡ್ಡು ಜಾಸ್ತಿ. ಆ ಹುಚ್ಚಿದ್ದವರು ಮಾತ್ರ ಕೊಡಬಹುದು, ಅಲ್ಲಿರೋದು ಚಿತ್ರೀಕರಣಕ್ಕೆ ಬಳಸಿದ ನಿಜವಾದ ಸೆಟ್ಟುಗಳು. ಹುಚ್ಚು ಕಮ್ಮಿ ಇದ್ದವರಿಗೆ ಲೆಡನ್‌ಹಾಲ್ ಮಾರುಕಟ್ಟೆ ಸಾಕು, ಮೊದಲ ಚಿತ್ರದ ಮಂತ್ರವಾದಿಗಳ ಬೀದಿಗೆ ಕ್ಯಾಮರಾ ಇಟ್ಟದ್ದು ಅಲ್ಲಿ.

ಇನ್ನು ನನಗೆ ತುಂಬಾ ಹಿಡಿಸಿದ ಜಾಗ. ಗೈಡುಗಳು ಇದರ ಹೆಸರೆತ್ತೋಲ್ಲ. ಕೆನಿಂಗ್ಟನ್ ಕಡೆ ಗಲ್ಲಿಯೊಳಗೆ ಸಿನಿಮಾ ಮ್ಯೂಸಿಯಂ ಅಂತ ಒಂದು ಹಳೆಯ ಕಟ್ಟಡ. ಒಂದು ಕಾಲದಲ್ಲಿ ಅದು ಲ್ಯಾಂಬೆತ್‌ನ ಬಡವರ ಗಂಜಿಮನೆ. 1896ರಲ್ಲಿ ಏಳು ವರ್ಷದ ಹುಡುಗನೊಬ್ಬ ತಾಯಿ, ಅಣ್ಣನ ಜೊತೆ ತುತ್ತು ಅನ್ನಕ್ಕಾಗಿ ಆ ಗಂಜಿಮನೆ ಸೇರಿದ. ಅವನೇ ಚಾರ್ಲಿ ಚಾಪ್ಲಿನ್! ಈಗ ಅಲ್ಲಿ ಹಳೇ ಪ್ರೊಜೆಕ್ಟರುಗಳು, ಪೋಸ್ಟರುಗಳು, ಟಾಕೀಸಿನ ಗೇಟ್‌ಕೀಪರುಗಳ ಯೂನಿಫಾರಂ. ಮುಂಚೆ ತಿಳಿಸಿ ಹೋಗಬೇಕು, ಟಿಕೆಟ್ಟು ಮೇಣದ ಮನೆಯ ಅರ್ಧವೂ ಇಲ್ಲ. ಹಳೇ ಪ್ರೊಜೆಕ್ಟರಿನ ಮುಂದೆ ನಿಂತು ಅಣ್ಣ ಮಾತೇ ಆಡಲಿಲ್ಲ. ಲೈಟು ಹೊರುವ ಕೆಲಸಕ್ಕೆ ಬರುವ ಮುಂಚೆ ಅವರು ನಮ್ಮೂರ ಟೂರಿಂಗ್ ಟಾಕೀಸಿನಲ್ಲಿ ರೀಲು ಸುತ್ತಿದವರು.

ಅಲ್ಲಿಂದ ನಡೆದು ಥೇಮ್ಸ್ ದಡಕ್ಕೆ ಬಂದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್. ಅಲ್ಲಿ ನಿಂತವರು ನಮ್ಮ ಬಸವಣ್ಣ! 2015ರ ನವೆಂಬರಿನಲ್ಲಿ ಪ್ರಧಾನಿ ಮೋದಿ ಅನಾವರಣ ಮಾಡಿದ ಪ್ರತಿಮೆ. ಕೈ ಮುಗಿದು ನದಿಗುಂಟ ವಾಕ್ಸ್‌ಹಾಲ್ ಕಡೆ ನಡೆದರೆ ಬಾಂಡ್ ಚಿತ್ರಗಳಲ್ಲಿ ಬರುವ ಗೂಢಚಾರರ ಕಚೇರಿ. ಬಸವಣ್ಣನಿಂದ ಬಾಂಡ್‌ಗೆ ಬರೀ ಕಾಲ್ನಡಿಗೆ!

ಕೊನೆಯ ಸಂಜೆ ಸೌತ್ ಕೆನ್‌ಸಿಂಗ್ಟನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಹೋದೆವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕೊಂಡೊಯ್ದ ಟಿಪ್ಪುವಿನ ಹುಲಿ ಗಾಜಿನೊಳಗಿದೆ. ಬಿಳಿ ಸಿಪಾಯಿಯ ಕುತ್ತಿಗೆ ಕಚ್ಚಿದ ಮರದ ಹುಲಿ, ಹೊಟ್ಟೆಯೊಳಗೆ ವಾದ್ಯ. ಹಿಡಿ ತಿರುಗಿಸಿದರೆ ಹುಲಿ ಗುರ್‌ಗುಟ್ಟುತ್ತಿತ್ತು, ಸಿಪಾಯಿ ನರಳುತ್ತಿದ್ದ. ಅಣ್ಣನ ತಂದೆ ಗೊಂಬೆ ಕೆಲಸದವರು. ಅವರು ಗಾಜಿಗೆ ಮೂಗು ತಾಗಿಸಿ ಹುಲಿಯ ಸುತ್ತ ಎರಡು ಸುತ್ತು ಬಂದರು. "ಇದು ಲೇತ್ ಮೇಲೆ ಕಡೆದದ್ದಲ್ಲ ರಿಪೋರ್ಟ್ರೇ, ಉಳಿ ಕೆಲಸ. ಬಣ್ಣ ನೋಡಿ ಹೆಂಗಿದೆ! ಇದಕ್ಕೆಷ್ಟು ಟಿಕೆಟ್ಟು?"

ಟಿಕೆಟ್ ಇಲ್ಲ ಅಂದೆ. ಅವರಿಗೆ ನಂಬಿಕೆ ಬರಲಿಲ್ಲ, ಬಾಗಿಲವನನ್ನು ಕೈಸನ್ನೆಯಲ್ಲೇ ಕೇಳಿ ಬಂದರು. ಆಮೇಲೆ ಜೇಬಿನ ದುಡ್ಡು ಎಣಿಸಿ, ಎರಡು ಪೌಂಡಿನ ನಾಣ್ಯ ಒಂದನ್ನು ಕಾಣಿಕೆ ಡಬ್ಬಿಗೆ ಹಾಕಿದರು.

ಆ ಮ್ಯೂಸಿಯಂ ಬೆಳಿಗ್ಗೆ ಹತ್ತರಿಂದ ಸಂಜೆ ಐದೂಮುಕ್ಕಾಲರ ತನಕ. ಶುಕ್ರವಾರ ಮಾತ್ರ ರಾತ್ರಿ ಹತ್ತರವರೆಗೆ ತೆಗೆದಿರುತ್ತೆ, ಪ್ಯಾಕಪ್ ಆದ ಮೇಲೂ ಆರಾಮಾಗಿ ಹೋಗಬಹುದು.