ಬಿಳಿ ಕಟ್ಟುವ ಬೋರ್ ನೀರು ಮತ್ತು ಸೊಪ್ಪಿನೊಳಗಿನ ಲೋಹ

ಕೂಡ್ಲಿಗಿ, ಕೊಟ್ಟೂರು ಕಡೆ ಬೋರ್ ನೀರು ಕಾಸಿದ ಪಾತ್ರೆಯ ತಳದಲ್ಲಿ ಬಿಳಿ ಕಟ್ಟುವುದು ಹೊಸದಲ್ಲ. ‘ಇಂಥ ನೀರು ಬಿಟ್ಟು ಬೆಳೆದ ಪಾಲಕವೂ ವಿಷವೇ’ ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ. ಸೀಸ, ಕ್ಯಾಡ್ಮಿಯಂನಂಥ ಭಾರಲೋಹಗಳ ಮಟ್ಟಿಗೆ ವಿಷಯ ಬಹುಪಾಲು ಇದಕ್ಕೆ ಉಲ್ಟಾ.

ಆ ಬಿಳಿ ಪದರ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಅಂಶ. ಅಂಥ ನೀರಿನ ಪಿಎಚ್ ಸಾಮಾನ್ಯವಾಗಿ 7ಕ್ಕಿಂತ ಹೆಚ್ಚು, ಅಂದರೆ ಕ್ಷಾರದ ಕಡೆ. ಬೇರು ಹೀರುವುದು ಕರಗಿದ ಲೋಹವನ್ನು ಮಾತ್ರ. ಕ್ಷಾರದ, ಸುಣ್ಣದ ಮಣ್ಣಿನಲ್ಲಿ ಕ್ಯಾಡ್ಮಿಯಂ, ಸೀಸಗಳು ಕರಗದೆ ಮಣ್ಣಿಗೇ ಕಚ್ಚಿಕೊಳ್ಳುತ್ತವೆ. ಬೇರಿನ ಬಳಿ ಕ್ಯಾಲ್ಸಿಯಂ ಕೂಡ ಕ್ಯಾಡ್ಮಿಯಂಗೆ ಪೈಪೋಟಿ ಕೊಡುತ್ತದೆ. ಅಷ್ಟೇ ಕ್ಯಾಡ್ಮಿಯಂ ಹುಳಿ ಮಣ್ಣಿನಲ್ಲಿದ್ದರೆ ಎಲೆಗೆ ಹೆಚ್ಚು ಏರುತ್ತದೆ.

ಹಾಗಂತ ಸವಳು ನೀರಿಗೆ ಶಹಬಾಸ್ ಹೇಳಬೇಡಿ. ಬಿಳಿ ಕಟ್ಟುವ ಗಡಸು ಬೇರೆ, ಉಪ್ಪಿನ ಸವಳು ಬೇರೆ. ಸವಳಿನ ಕ್ಲೋರೈಡ್ ಕ್ಯಾಡ್ಮಿಯಂ ಜೊತೆ ಸೇರಿ, ಕಚ್ಚಿಕೊಂಡಿದ್ದನ್ನೇ ಬಿಡಿಸಿ ಬೇರಿಗೆ ಒದಗಿಸುತ್ತದೆ. ಆರ್ಸೆನಿಕ್‌ನದು ಇನ್ನೊಂದು ವರಸೆ: ಪಿಎಚ್ ಏರಿದಷ್ಟೂ ಅದು ಸಡಿಲಾಗುತ್ತದೆ.

ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯಲ್ಲಿ ಬೋರ್ ನೀರಿನ ಸೊಪ್ಪು ವಿಷವೆಂಬ ಗೊಂದಲಕ್ಕೆ ಫ್ಲೋರೈಡ್ ಕಾರಣ. ಅದು ಭಾರಲೋಹವೇ ಅಲ್ಲ. ಕಲ್ಲಿನಿಂದ ನೀರಿಗಿಳಿಯುವ ಲವಣ. ಕ್ಯಾಲ್ಸಿಯಂ ಕಡಿಮೆಯಿರುವ ನೀರಿನಲ್ಲೇ ಅದು ಹೆಚ್ಚು ಕರಗುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ಯೋಗ್ಯವಲ್ಲ. ಅದರ ಅಪಾಯ ಸೊಪ್ಪಿಗಿಂತ ಕುಡಿಯುವ ಕೊಡದಲ್ಲೇ ಹೆಚ್ಚು.

ಹಡಗಲಿಯ ಹೊಳೆದಂಡೆಯಲ್ಲಿ ಕೇಳುವ ‘ಸಿಹಿ ನೀರಿನ ಸೊಪ್ಪಿಗೆ ಭಯವಿಲ್ಲ’ ಎನ್ನುವುದೂ ಬರೀ ಸಮಾಧಾನ. ಸಣ್ಣ ಪ್ರಮಾಣದ ಲೋಹ ನಾಲಿಗೆಗೆ ತಿಳಿಯುವುದಿಲ್ಲ. ನೋಡಬೇಕಾದ್ದು ಲೋಹ ಎಲ್ಲಿಂದ ಬರುತ್ತದೆ ಎಂಬುದನ್ನು: ಕಾರ್ಖಾನೆ ತ್ಯಾಜ್ಯ, ಊರ ಚರಂಡಿ, ಕ್ಯಾಡ್ಮಿಯಂ ಬೆರೆತ ರಂಜಕ ಗೊಬ್ಬರ. ಬೆಂಗಳೂರಿನ ವೃಷಭಾವತಿಯ ಕೊಳಕು ನೀರು ಸೇರುವ ಬಿಡದಿ ಬಳಿಯ ಬೈರಮಂಗಲ ಕೆರೆ ಈ ಕಾರಣಕ್ಕೇ ಕೆಟ್ಟ ಹೆಸರು ಪಡೆದದ್ದು.

‘ತೊಳೆದರೆ ಹೋಗುತ್ತದೆ’ ಎಂಬುದು ಅರ್ಧ ಸತ್ಯ. ಎಲೆಯ ಮೇಲೆ ಕುಳಿತ ಧೂಳಿನ ಸೀಸ ಸಾಕಷ್ಟು ಹೋಗುತ್ತದೆ, ಒಳಗೆ ಸೇರಿದ ಕ್ಯಾಡ್ಮಿಯಂ ಜಗ್ಗುವುದಿಲ್ಲ. ಕುದಿಸಿದರೂ ಲೋಹ ನಾಶವಾಗದು. ಬಸಿದ ನೀರನ್ನು ಸಾರಿಗೆ ಹಾಕಿದರಂತೂ ಅದರಲ್ಲಿಳಿದದ್ದೂ ಹೊಟ್ಟೆಗೇ. ಸೊಪ್ಪಿನಲ್ಲಿ ಕಿಲೋಗೆ 0.2 ಮಿಲಿಗ್ರಾಂ ಕ್ಯಾಡ್ಮಿಯಂ, ಇದು ಅಂತರರಾಷ್ಟ್ರೀಯ ಆಹಾರ ಸಂಹಿತೆಯ ಮಿತಿ.

ಸೊಪ್ಪು ಬೆಳೆಯುವವರು ನೀರು ಪರೀಕ್ಷೆಗೆ ಕೊಡುವಾಗ ಫ್ಲೋರೈಡ್ ಒಂದನ್ನೇ ಕೇಳದೆ ಪಿಎಚ್, ಕ್ಲೋರೈಡ್ ಕೂಡ ಕೇಳಿ. ಜೊತೆಗೆ ಹೊಲದ ಮಣ್ಣನ್ನೂ ಕೊಡಿ. ಚರಂಡಿ ನೀರು ಹರಿಸುವ ಮಡಿಯಿದ್ದರೆ ಅಲ್ಲಿ ಪಾಲಕ ಹಾಕಲೇಬೇಡಿ.