ಕ್ಯಾರವಾನ್‌ನ ನೀರಿನ ಪೈಪಿಗೆ ಕಾರಿನ ಕೂಲೆಂಟ್ ಹಾಕಬಹುದೇ?

ಅಮೆರಿಕ, ಕೆನಡಾ ಅಥವಾ ಬ್ರಿಟನ್‌ನಲ್ಲಿರುವ ನೆಂಟರು ಕ್ಯಾರವಾನ್ ಮುಂದೆ ನಿಂತು ತೆಗೆಸಿಕೊಂಡ ಫೋಟೋ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಅಡುಗೆಮನೆ, ಮಂಚ, ಶೌಚಾಲಯ ಎಲ್ಲವೂ ಇರುವ ಈ ಗಾಡಿಯನ್ನು ಅಲ್ಲಿ ಹೆಚ್ಚಿನವರು ಚಳಿಗಾಲ ಶುರುವಾಗುವ ಹೊತ್ತಿಗೆ ನಿಲ್ಲಿಸಿಬಿಡುತ್ತಾರೆ. ಮತ್ತೆ ಹೊರಡುವುದು ವಸಂತದಲ್ಲೇ. ಹಾಗೆ ನಿಲ್ಲಿಸುವ ಮುನ್ನ ಏನು ಮಾಡಬೇಕು ಎಂಬ ಬಗ್ಗೆ ಸಿಗುವ ಪುಕ್ಕಟೆ ಸಲಹೆಗಳಲ್ಲಿ ಒಂದು ನಿಜಕ್ಕೂ ಅಪಾಯಕಾರಿ: "ಪೈಪಿನಲ್ಲಿ ನೀರು ಹೆಪ್ಪುಗಟ್ಟಬಾರದು ಅಂದರೆ ಕಾರಿನ ಕೂಲೆಂಟ್ ಸುರಿದುಬಿಡಿ."

ಖಂಡಿತ ಬೇಡ. ಕಾರಣ ನೋಡುವ ಮೊದಲು, ನೀರು ಹೆಪ್ಪುಗಟ್ಟಿದರೆ ಆಗುವುದಾದರೂ ಏನು ಎಂದು ತಿಳಿದುಕೊಳ್ಳೋಣ.

ಹೆಚ್ಚಿನ ದ್ರವಗಳು ಗಟ್ಟಿಯಾದಾಗ ಕುಗ್ಗುತ್ತವೆ. ನೀರು ಮಾತ್ರ ಮಂಜುಗಡ್ಡೆಯಾದಾಗ ಸುಮಾರು 9%ರಷ್ಟು ಹಿಗ್ಗುತ್ತದೆ. ಫ್ರೀಜರ್‌ನಲ್ಲಿ ಮರೆತ ಗಾಜಿನ ಬಾಟಲಿ ಒಡೆಯುವುದು ಇದೇ ಕಾರಣಕ್ಕೆ. ಪೈಪಿನಲ್ಲಿ ಇನ್ನೊಂದು ವಿಚಿತ್ರವೂ ಇದೆ. ಅನೇಕ ಸಲ ಪೈಪ್ ಸೀಳುವುದು ಗಡ್ಡೆ ಕಟ್ಟಿದ ಜಾಗದಲ್ಲಲ್ಲ. ಬೆಳೆಯುತ್ತಿರುವ ಗಡ್ಡೆ ಪಿಸ್ಟನ್ನಿನಂತೆ ಮುಂದಿನ ನೀರನ್ನು ತಳ್ಳುತ್ತದೆ. ಆಚೆ ಕಡೆ ನಲ್ಲಿ ಮುಚ್ಚಿದ್ದರೆ ಆ ನೀರಿಗೆ ಹೋಗಲು ದಾರಿಯಿಲ್ಲ. ಒತ್ತಡ ಏರುತ್ತಾ ಹೋಗಿ, ಎಲ್ಲಿ ದುರ್ಬಲವೋ ಅಲ್ಲಿ ಬಿರಿಯುತ್ತದೆ. ಇದು ಗೊತ್ತಾಗುವುದು ಗಡ್ಡೆ ಕರಗಿದ ಮೇಲೆ, ಮೊದಲ ಪ್ರವಾಸಕ್ಕೆಂದು ನೀರು ತುಂಬಿಸಿದಾಗ.

ಹಾಗಾಗಿ ಮುಖ್ಯ ಕೆಲಸ ಒಂದೇ: ನೀರು ಖಾಲಿ ಮಾಡುವುದು. ಟ್ಯಾಂಕ್ ಬರಿದು ಮಾಡಿದರೆ ಮುಗಿಯಿತು ಅಂದುಕೊಳ್ಳಬೇಡಿ. ಹೀಟರ್‌ಗೆ ಬೇರೆಯೇ ಡ್ರೈನ್ ಇರುತ್ತದೆ. ಅದನ್ನು ಬಿಚ್ಚುವ ಮೊದಲು ಹೀಟರ್ ಮತ್ತು ಪಂಪ್ ಆಫ್ ಆಗಿರಬೇಕು, ಒಳಗಿನ ನೀರು ತಣ್ಣಗಾಗಿರಬೇಕು. ಇಲ್ಲದಿದ್ದರೆ ಕೈ ಸುಡುತ್ತದೆ. ಪಂಪಿನ ಫಿಲ್ಟರ್, ಶೌಚಾಲಯದ ಫ್ಲಶ್ ಟ್ಯಾಂಕ್, ಶವರ್‌ನ ಬಳುಕುವ ಪೈಪ್ ಇಲ್ಲೆಲ್ಲ ಬೊಗಸೆಯಷ್ಟು ನೀರು ಉಳಿದೇ ಉಳಿಯುತ್ತದೆ. ಶವರ್ ತಲೆಯನ್ನು ಕೆಳಗಿಳಿಸಿ ಮಲಗಿಸಿ. ಕೊನೆಗೆ ಎಲ್ಲ ನಲ್ಲಿಗಳನ್ನೂ ತೆರೆದೇ ಬಿಡಿ. ಬಿಸಿ-ತಣ್ಣೀರಿಗೆ ಒಂದೇ ಹಿಡಿಕೆ ಇದ್ದರೆ ಅದು ನಡುವೆ ನಿಂತಿರಲಿ, ಆಗ ಎರಡೂ ದಾರಿ ತೆರೆದಿರುತ್ತವೆ. ಅಳಿದುಳಿದ ಹನಿ ಹೆಪ್ಪುಗಟ್ಟಿದರೂ ಹಿಗ್ಗಲು ಜಾಗವಿರುತ್ತದೆ.

ಮೈನಸ್ 20, 30 ಡಿಗ್ರಿಗೆ ಇಳಿಯುವ ಉತ್ತರ ಅಮೆರಿಕದ ಊರುಗಳಲ್ಲಿ ಅನೇಕರು ಇದರ ಜೊತೆಗೆ ಪೈಪಿಗೆ ಆ್ಯಂಟಿಫ್ರೀಜ್ ದ್ರವವನ್ನೂ ತುಂಬುತ್ತಾರೆ. ಗೊಂದಲ ಶುರುವಾಗುವುದೇ ಇಲ್ಲಿ. ಕುಡಿಯುವ ನೀರಿನ ಪೈಪಿಗೆಂದು ಮಾರುವ ದ್ರವದಲ್ಲಿ ಸಾಮಾನ್ಯವಾಗಿ ಇರುವುದು ಪ್ರೊಪಿಲೀನ್ ಗ್ಲೈಕಾಲ್. ಇದನ್ನು ಆಹಾರ ಮತ್ತು ಔಷಧಗಳಲ್ಲೂ ಬಳಸುತ್ತಾರೆ. ಕಾರಿನ ಕೂಲೆಂಟ್‌ಗಳಲ್ಲಿ ಹೆಚ್ಚಾಗಿ ಇರುವುದು ಎಥಿಲೀನ್ ಗ್ಲೈಕಾಲ್. ಹೆಸರಿನಲ್ಲಿ ಅಣ್ಣ-ತಮ್ಮಂದಿರಂತಿದ್ದರೂ ದೇಹದೊಳಗೆ ಎರಡರ ನಡತೆ ಪೂರ್ತಿ ಬೇರೆ. ಎಥಿಲೀನ್ ಗ್ಲೈಕಾಲ್ ಯಕೃತ್ತಿನಲ್ಲಿ ಆಮ್ಲಗಳಾಗಿ ಬದಲಾಗಿ, ಕೊನೆಗೆ ಮೂತ್ರಪಿಂಡದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಾಗಿ ಕೂರುತ್ತದೆ. ರುಚಿ ಬೇರೆ ಸಿಹಿ, ಹಾಗಾಗಿ ಮಕ್ಕಳಿಗೂ ನಾಯಿಗಳಿಗೂ ಅನುಮಾನವೇ ಬರುವುದಿಲ್ಲ. 2022ರ ಅಕ್ಟೋಬರ್‌ನಲ್ಲಿ ಗ್ಯಾಂಬಿಯಾದ ಮಕ್ಕಳ ಸಾವಿನ ನಂತರ ವಿಶ್ವ ಆರೋಗ್ಯ ಸಂಸ್ಥೆ ಕೆಲವು ಸಿರಪ್‌ಗಳ ಬಗ್ಗೆ ಎಚ್ಚರಿಕೆ ಕೊಟ್ಟಿದ್ದು ನೆನಪಿದೆಯೇ? ಅವುಗಳಲ್ಲಿ ಪತ್ತೆಯಾದ ಎರಡು ವಿಷಗಳಲ್ಲಿ ಒಂದು ಇದೇ.

"ಗುಲಾಬಿ ಬಣ್ಣದ್ದು ಸುರಕ್ಷಿತ, ಹಸಿರು ವಿಷ" ಎಂಬ ಮಾತೂ ಇದೆ. ಇದು ಅರ್ಧ ಸತ್ಯ. ಕುಡಿಯುವ ನೀರಿನ ಪೈಪಿನ ದ್ರವ ಗುಲಾಬಿ ಇರುವುದು ಹೌದು. ಆದರೆ ಗುಲಾಬಿ, ಕೆಂಪು ಬಣ್ಣದ ಕಾರ್ ಕೂಲೆಂಟ್‌ಗಳೂ ಅಂಗಡಿಯಲ್ಲಿವೆ. ಬಣ್ಣ ಬರೀ ಡೈ. ನೋಡಬೇಕಾದ್ದು ಲೇಬಲ್ಲನ್ನು.

ಇನ್ನು ಉಪ್ಪು. ಉಪ್ಪುನೀರು ತಡವಾಗಿ ಹೆಪ್ಪುಗಟ್ಟುವುದು ನಿಜವೇ, ಆದರೆ ಸಮುದ್ರದಷ್ಟು ಉಪ್ಪಿದ್ದರೂ ಸಿಗುವ ಲಾಭ ಸುಮಾರು 2 ಡಿಗ್ರಿ ಮಾತ್ರ. ಅದಕ್ಕಾಗಿ ಹೀಟರ್, ಪಂಪುಗಳಿಗೆ ತುಕ್ಕು ಹಿಡಿಸಿಕೊಳ್ಳುವುದು ಬುದ್ಧಿವಂತಿಕೆಯಲ್ಲ.

ಉಳಿದ ತಯಾರಿ ಅಷ್ಟು ಕಷ್ಟದ್ದಲ್ಲ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ: ತುಂಬಿದ ಲೆಡ್-ಆ್ಯಸಿಡ್ ಬ್ಯಾಟರಿ ಮೈನಸ್ 50ರಲ್ಲೂ ಹೆಪ್ಪುಗಟ್ಟುವುದಿಲ್ಲ, ಖಾಲಿಯಾದದ್ದು ಮೈನಸ್ 10ರ ಆಸುಪಾಸಿನಲ್ಲೇ ಗಟ್ಟಿಯಾಗಿ ಒಡೆಯಬಹುದು. ಗ್ಯಾಸ್ ಸಿಲಿಂಡರ್ ಬಂದ್ ಮಾಡಿ. ಗಾಡಿ ಸಮತಟ್ಟು ಜಾಗದಲ್ಲಿದ್ದರೆ ಚಕ್ರಕ್ಕೆ ಅಡ್ಡ ಕೊಟ್ಟು ಹ್ಯಾಂಡ್‌ಬ್ರೇಕ್ ಸಡಿಲಿಸಿ, ಇಲ್ಲವಾದರೆ ಬ್ರೇಕ್ ಅಂಟಿಕೊಳ್ಳುತ್ತದೆ. ಫ್ರಿಜ್ ಬಾಗಿಲು ತೆರೆದಿಡಿ. ಗಾಡಿಗೆ ಪ್ಲಾಸ್ಟಿಕ್ ಟಾರ್ಪಾಲಿನ್ ಬಿಗಿಯಬೇಡಿ, ಒಳಗಿನ ತೇವ ಹೊರಹೋಗದೆ ಬೂಸ್ಟು ಬರುತ್ತದೆ. ಥಂಡಿ ಗಾಳಿ ಬರುತ್ತದೆಂದು ನೆಲದ ಗಾಳಿಕಂಡಿಗಳಿಗೆ ಬಟ್ಟೆ ತುರುಕುವುದಂತೂ ಸಲ್ಲದು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಹೊರಹೋಗಲು ಇರುವ ದಾರಿ ಅದೇ.

ಯಾರಾದರೂ ಈಗಾಗಲೇ ಕೂಲೆಂಟ್ ಸುರಿದಿದ್ದರೆ? ಆ ನಲ್ಲಿಯ ನೀರನ್ನು ಕುಡಿಯಲು, ಅಡುಗೆಗೆ, ಹಲ್ಲುಜ್ಜಲು ಬಳಸಬೇಡಿ. ಎರಡು ಬಕೆಟ್ ನೀರು ಹರಿಸಿ ಸರಿಹೋಯಿತು ಎನ್ನುವ ವಿಷಯ ಇದಲ್ಲ, ತಿಳಿದ ರಿಪೇರಿಯವರನ್ನು ಕರೆಸಿ. ಯಾರಾದರೂ ಕುಡಿದಿದ್ದರೆ ಲಕ್ಷಣಕ್ಕಾಗಿ ಕಾಯದೆ ಆಸ್ಪತ್ರೆಗೆ ಹೋಗಿ, ಕೂಲೆಂಟ್ ಡಬ್ಬಿಯೂ ಜೊತೆಗಿರಲಿ. ಮೊದಲ ಕೆಲವು ಗಂಟೆ ಕುಡಿದು ಅಮಲೇರಿದವರಂತೆ ಮಾತ್ರ ಕಾಣಬಹುದು, ಮೂತ್ರಪಿಂಡದ ಹಾನಿ ತೋರುವುದು ಆಮೇಲೆ. ಫೋಮೆಪಿಜೋಲ್ ಎಂಬ ಪ್ರತಿವಿಷವಿದೆ. ಅದನ್ನು ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು.